ಪರದೇಶದಲ್ಲಿ ಮಿದುಳು ಹುಡುಕುವ ಮನೆ

ಪರದೇಶದಲ್ಲಿ ನೆಲೆಸಿದವರನ್ನು ಕಾಡುವ ಮನೆಯ ಹಂಬಲವನ್ನು ವೈದ್ಯರು ಒಂದು ಕಾಲಕ್ಕೆ ಕಾಯಿಲೆಯೆಂದೇ ಎಣಿಸಿದ್ದರು. 1688ರಲ್ಲಿ ಬಾಸೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿ ಯೊಹಾನೆಸ್ ಹೋಫರ್, ತಾಯ್ನಾಡಿನಿಂದ ದೂರವಾದವರು ನಿದ್ದೆಗೆಟ್ಟು, ಹಸಿವು ಕಳೆದುಕೊಂಡು ಸೊರಗುವುದನ್ನು ಒಂದು ಪ್ರತ್ಯೇಕ ರೋಗವೆಂದು ತನ್ನ ಪ್ರಬಂಧದಲ್ಲಿ ವಿವರಿಸಿದ. ಮುಂದೆ ಇನ್ನೊಬ್ಬ ಸ್ವಿಸ್ ವೈದ್ಯ ಯೊಹಾನ್ ಯಾಕೊಬ್ ಶಾಯ್ಕ್‌ಜರ್, ಬೆಟ್ಟದ ನಾಡಿನಿಂದ ಬಯಲಿಗಿಳಿದವರ ದೇಹವನ್ನು ಅಲ್ಲಿನ ಹೆಚ್ಚಿನ ವಾಯುಭಾರ ಅದುಮುವುದೇ ಇದಕ್ಕೆ ಕಾರಣವೆಂದು ವಾದಿಸಿದ. ಆ ಕಾರಣ ನಿಲ್ಲಲಿಲ್ಲ. ಆದರೆ ಈ ಸಂಕಟ ಮನಸ್ಸಿನಷ್ಟೇ ದೇಹಕ್ಕೂ ಸೇರಿದ್ದೆಂಬ ಅವರ ಗ್ರಹಿಕೆ ಹುಸಿಯಾಗಿರಲಿಲ್ಲ.

ಹೊಸ ನಾಡಿನ ವಸತಿ ಹಳೆಯದಕ್ಕಿಂತ ಅನುಕೂಲಕರವಾಗಿದ್ದರೂ ಅನೇಕರಿಗೆ ಅಲ್ಲಿ ನೆಮ್ಮದಿ ದೊರೆಯುವುದಿಲ್ಲ. ಮನೆಯ ಸುಖವನ್ನು ವಸ್ತುಗಳಲ್ಲಿ ಹುಡುಕುವುದರಿಂದಲೇ ಇದು ನಮಗೆ ಒಗಟಾಗಿ ತೋರುತ್ತದೆ ಎಂಬುದು ನನ್ನ ಅಭಿಪ್ರಾಯ. ಕತ್ತಲಲ್ಲಿ ದೀಪದ ಗುಂಡಿಯತ್ತ ಕೈ ತಾನಾಗಿ ಹೋಗುವುದು, ಮೆಟ್ಟಿಲಿನ ಎತ್ತರ ಕಾಲಿಗೆ ಗೊತ್ತಿರುವುದು, ಹೊರಗಿನ ಸದ್ದು ಯಾವುದರದೆಂದು ಯೋಚಿಸದೆಯೇ ತಿಳಿಯುವುದು: ಇಂಥ ಸಾವಿರಾರು ಕೆಲಸಗಳನ್ನು ಮಿದುಳಿನ ಆಳದಲ್ಲಿರುವ ತಳ ನರಗ್ರಂಥಿಗಳಂಥ ಭಾಗಗಳು ಅಭ್ಯಾಸಬಲದಿಂದ ನಡೆಸಿಕೊಂಡು ಹೋಗುತ್ತವೆ. ಪರಿಚಯವಿಲ್ಲದ ಜಾಗದಲ್ಲಿ ಇವೆಲ್ಲವೂ ಮತ್ತೆ ಗಮನವನ್ನು ಬೇಡುತ್ತವೆ. ಹೆಚ್ಚೇನೂ ದುಡಿಯದಿದ್ದರೂ ಸಂಜೆಯ ವೇಳೆಗೆ ಆವರಿಸುವ ಆಯಾಸಕ್ಕೆ ಇದೂ ಒಂದು ಕಾರಣ.

ನಿದ್ದೆಯಲ್ಲಿಯೂ ಈ ಎಚ್ಚರ ಪೂರ್ತಿ ಅಳಿಯುವುದಿಲ್ಲ. ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಕೆಡುವುದು ನಿದ್ರಾ ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ತಿಳಿದಿದ್ದ ಸಂಗತಿ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ, ಯುಕಾ ಸಸಾಕಿ ಮತ್ತು ಸಂಗಡಿಗರು ಇದರ ಬಗೆಯನ್ನು ಬಿಡಿಸಿ ತೋರಿಸಿದರು. ಮೊದಲ ರಾತ್ರಿಯ ಗಾಢನಿದ್ರೆಯಲ್ಲಿ ಮಿದುಳಿನ ಎಡ ಅರೆಗೋಳದ ಒಂದು ಜಾಲ ಬಲಭಾಗದಷ್ಟು ಆಳವಾಗಿ ಮಲಗಿರಲಿಲ್ಲ. ಅಪರೂಪದ ಸದ್ದುಗಳಿಗೆ ಆ ಅರೆಗೋಳವೇ ಹೆಚ್ಚು ಸ್ಪಂದಿಸುತ್ತಿತ್ತು. ಅದೇ ಜಾಗದ ಮುಂದಿನ ನಿದ್ದೆಯಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮನುಷ್ಯನ ಮಿದುಳು ಅಪರಿಚಿತ ತಾಣದಲ್ಲಿ ಅರ್ಧ ಕಾವಲಿದ್ದೇ ಮಲಗುತ್ತದೆ ಎಂಬುದು ನನಗೆ ಈ ವಿಷಯದ ಅತ್ಯಂತ ಮನಮುಟ್ಟುವ ಸತ್ಯ.

ವಾಸನೆಯ ದಾರಿ ಇನ್ನೂ ನೇರವಾದುದು. ನೋಟ ಮತ್ತು ಶಬ್ದದ ಸಂಕೇತಗಳು ಥಾಲಮಸ್ ಎಂಬ ಠಾಣೆಯನ್ನು ಹಾದು ಮಿದುಳಿನ ಹೊರಪದರವಾದ ತೊಗಟೆಗೆ ಹೋದರೆ, ವಾಸನೆಯ ಸಂಕೇತಗಳು ಅಲ್ಲಿ ತಂಗದೆಯೇ ಭಾವನೆಗೆ ಸಂಬಂಧಿಸಿದ ಅಮಿಗ್ಡಲವನ್ನೂ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ನೆರೆಯ ಭಾಗವನ್ನೂ ಮುಟ್ಟುತ್ತವೆ. ಸದಾ ಇರುವ ವಾಸನೆಗೆ ಮೂಗು ಒಗ್ಗಿಹೋಗುವುದರಿಂದ ನಮ್ಮ ಮನೆಗೊಂದು ವಾಸನೆಯಿದೆ ಎಂಬುದೇ ಅಲ್ಲಿರುವಾಗ ನಮಗೆ ತಿಳಿಯುವುದಿಲ್ಲ. ದೂರದೂರಿನಲ್ಲಿ ಬಿಚ್ಚಿದ ಪೆಟ್ಟಿಗೆಯ ಬಟ್ಟೆ ಎದೆಯನ್ನು ಹಿಂಡುವುದು ಆ ಕಾರಣಕ್ಕೇ.

ಮನೆಯೆಂದರೆ ಜನರೂ ಹೌದು. ಆ ಅಗಲಿಕೆಯ ನೋವು ಬೇರೆಯೇ ಬರಹವನ್ನು ಬೇಡುತ್ತದೆ. ಇಲ್ಲಿ ಹೇಳಲೇಬೇಕಾದ್ದು ಕಾಲದ ವಿಚಾರ. 1955ರಲ್ಲಿ ನಾರ್ವೆಯ ಸ್ವೆರ್ರೆ ಲಿಸ್‌ಗೋರ್, ಅಮೆರಿಕಕ್ಕೆ ಹೋಗಿಬಂದ ತನ್ನ ದೇಶದವರನ್ನು ಅಧ್ಯಯನ ಮಾಡಿ, ಮೊದಲು ಉತ್ಸಾಹ, ಕೆಲವು ತಿಂಗಳ ಬಳಿಕ ಕುಸಿತ, ಆಮೇಲೆ ಚೇತರಿಕೆ ಎಂಬ ಚಿತ್ರವನ್ನು ಮುಂದಿಟ್ಟರು. ಈ ಚಿತ್ರ ಇಂದಿಗೂ ಜನಪ್ರಿಯ. ಆದರೆ 1998ರಲ್ಲಿ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡ್‌ಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು, ಬಂದಿಳಿದ ಮೊದಲ ದಿನದಿಂದ ಒಂದು ವರ್ಷದವರೆಗೆ ಗಮನಿಸಿದಾಗ, ಹೊಂದಾಣಿಕೆಯ ತೊಡಕುಗಳು ಅತಿ ಹೆಚ್ಚಾಗಿ ಕಂಡದ್ದು ಆರಂಭದಲ್ಲಿಯೇ. ಹಾಗಿದ್ದಮೇಲೆ ಹೊಸಬರು ಮೊದಲ ವಾರಗಳಲ್ಲಿ ಖುಷಿಯಾಗಿಯೇ ಇರುತ್ತಾರೆಂದು ಭಾವಿಸಿ ಅವರನ್ನು ಅವರ ಪಾಡಿಗೆ ಬಿಡುವ ವಿದ್ಯಾಲಯಗಳೂ ಕಚೇರಿಗಳೂ, ನೆರವು ಬೇಕಾದ ಹೊತ್ತಿನಲ್ಲಿಯೇ ಅವರಿಂದ ದೂರ ನಿಂತಂತಾಗುತ್ತದೆ.