ಅಲಸಂಡೆ ಗಾಳಿ ಕುಡಿದು ಬದುಕುವುದಿಲ್ಲ

ಪ್ರಶ್ನೆ: ಮಣ್ಣಿನ ರಂಜಕವನ್ನು ಚೆನ್ನಾಗಿ ಹೀರುವಂಥ ಮೇವಿನ ತಳಿಗಳನ್ನು ವಂಶವಾಹಿ ಬದಲಿಸಿ ಮಾಡುತ್ತಿದ್ದಾರಂತೆ. ಅವು ಬಂದರೆ ಅಲಸಂಡೆ, ಸ್ಟೈಲೋದಂಥ ದ್ವಿದಳ ಮೇವಿಗೆಲ್ಲ ಗೊಬ್ಬರವೇ ಬೇಡವಲ್ಲ? ಹೇಗೂ ದ್ವಿದಳ ಗಿಡ ಗಾಳಿಯಿಂದಲೇ ಗೊಬ್ಬರ ಮಾಡಿಕೊಳ್ಳುತ್ತದೆ.

ಉತ್ತರ: ಎಡವಟ್ಟು ಇರುವುದು ಕೊನೆಯ ವಾಕ್ಯದಲ್ಲಿ. ಪೆರ್ಲದಿಂದ ಮುಳ್ಳೇರಿಯದವರೆಗೆ ಯಾರ ಹಟ್ಟಿಯ ಬಳಿ ನಿಂತರೂ ಇದೇ ಮಾತು. ಎಷ್ಟು ಸಲ ಹೇಳಿದರೂ ಮಳೆಗಾಲ ಶುರುವಾದರೆ ಮತ್ತೆ ಅದೇ. ಇರಲಿ, ಇನ್ನೊಮ್ಮೆ ಹೇಳುತ್ತೇನೆ. ಗೊಬ್ಬರವೆಂದು ಗಾಳಿಯಿಂದ ಸಿಗುವುದು ಸಾರಜನಕ ಮಾತ್ರ. ಗಾಳಿಯಲ್ಲಿ ಅದು ನೂರಕ್ಕೆ 78 ಪಾಲಿದೆ, ಸರಿ. ರಂಜಕ, ಪೊಟ್ಯಾಷ್ ಎಲ್ಲಿವೆ? ಅವನ್ನು ಬೇರು ಮಣ್ಣಿನಿಂದಲೇ ಎತ್ತಬೇಕು. ಆ ಸಾರಜನಕವೂ ಧರ್ಮಕ್ಕೆ ಬರುವುದಿಲ್ಲ. ಬೇರಿನ ಗಂಟಿನೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಒಂದು ಸಾರಜನಕ ಅಣುವನ್ನು ಒಡೆಯಲು ಕನಿಷ್ಠ 16 ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು, ಖರ್ಚು ಮಾಡುತ್ತದೆ. ಎಟಿಪಿ ಕಟ್ಟಬೇಕಾದರೆ ರಂಜಕ ಬೇಕು. ಒಡೆಯುವ ಕಿಣ್ವಕ್ಕೆ ಕಬ್ಬಿಣ, ಮಾಲಿಬ್ಡಿನಂ ಬೇರೆ. ಕಬ್ಬಿಣಕ್ಕೆ ನಮ್ಮ ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಬರವಿಲ್ಲ ಬಿಡಿ. ಮಾಲಿಬ್ಡಿನಂ ಮಾತ್ರ ಹುಳಿ ಮಣ್ಣಿನಲ್ಲಿ ಬಿಗಿದು ಕೂತಿರುತ್ತದೆ, ಸುಣ್ಣ ಬಿದ್ದರೆ ಸಡಿಲವಾಗುತ್ತದೆ. ಅಂದರೆ ರಂಜಕ ಸಿಗದ ಜಾಗದಲ್ಲಿ ಅಲಸಂಡೆಗೆ ಸಾರಜನಕದ್ದೂ ಉಪವಾಸವೇ. ನಂಬಿಕೆ ಬಾರದಿದ್ದರೆ ಒಂದು ಗಿಡ ಕಿತ್ತು ಗಂಟನ್ನು ಉಗುರಿನಲ್ಲಿ ಸೀಳಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿಚಿಕೊಂಡೋ ಹಸಿರಾಗಿಯೋ ಇದ್ದರೆ ಇಲ್ಲ.

ಇನ್ನು ತಳಿಯ ವಿಚಾರ. ನಮ್ಮ ಮಣ್ಣಿನಲ್ಲಿರುವ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟಿರುತ್ತವೆ. ಬೇರು ಸಿಟ್ರಿಕ್, ಮಾಲಿಕ್ ಆಮ್ಲ ಸ್ರವಿಸಿದರೆ ಒಂದಿಷ್ಟು ಬಿಟ್ಟುಕೊಡುತ್ತವೆ. ಕುದುರೆ ಮಸಾಲೆ ಸೊಪ್ಪಿನ ಒಂದು ವಂಶವಾಹಿಯನ್ನು ಚುರುಕುಗೊಳಿಸಿ ಬೇರಿನಿಂದ ಇಂಥ ಆಮ್ಲ ಹೆಚ್ಚು ಹೊರಬರುವಂತೆ ಅಮೆರಿಕದಲ್ಲಿ 2001ರಲ್ಲೇ ಮಾಡಿದ್ದಾರೆ; ಆ ಗಿಡ ಅಲ್ಯೂಮಿನಿಯಂ ವಿಷವನ್ನೂ ತಡೆದುಕೊಂಡಿತು. ಬಿಳಿ ಕ್ಲೋವರ್ ಎಂಬ ದ್ವಿದಳ ಮೇವಿಗೆ ಫೈಟೇಸ್ ಕಿಣ್ವದ ವಂಶವಾಹಿ ಸೇರಿಸಿ, ಸಾವಯವ ರೂಪದ ರಂಜಕವನ್ನು ಬಳಸುವಂತೆ ಮಾಡಿದ್ದೂ ಇದೆ. ವಂಶವಾಹಿ ಸೇರಿಸದೆಯೂ, ಬೇರುಕೂದಲು ದಟ್ಟವಾಗಿರುವ ಗಿಡಗಳನ್ನು ಆರಿಸುತ್ತ ಹೋಗಿ ತಳಿ ಮಾಡಬಹುದು. ಒಳ್ಳೆಯ ಕೆಲಸ, ನನಗಂತೂ ಖುಷಿ. ಆದರೆ ದೊಡ್ಡ ಪಂಪು ಇಟ್ಟರೆ ಬಾವಿಯ ಒರತೆ ಹೆಚ್ಚುತ್ತದೆಯೇ? ಮೇವು ಕೊಯ್ದಷ್ಟೂ ರಂಜಕ ಗದ್ದೆ ಬಿಟ್ಟು ಹೋಗುತ್ತದೆ, ಚೆನ್ನಾಗಿ ಹೀರುವ ತಳಿಯಲ್ಲಿ ಇನ್ನೂ ಬೇಗ. ಹಾಕಿದ ಗೊಬ್ಬರ ವ್ಯರ್ಥವಾಗುವುದು ಕಡಿಮೆಯಾದೀತು, ಅಷ್ಟೆ. ಹಾಕುವುದು ತಪ್ಪದು.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅಲಸಂಡೆಯ ಸಾರಜನಕ ಪಕ್ಕದ ಅಡಿಕೆ ಮರಕ್ಕೆ ಸಿಗುತ್ತದೆಯೇ? ಗಿಡ ಬದುಕಿರುವಾಗ ಅತ್ಯಲ್ಪ. ಸೊಪ್ಪು, ಬೇರು ಅಲ್ಲೇ ಕೊಳೆತರೆ ಸಿಗುತ್ತದೆ. ಕೊಯ್ದು ದನಕ್ಕೆ ಹಾಕಿದರೆ ದೊಡ್ಡ ಪಾಲು ಹಟ್ಟಿಗೆ ಹೋಯಿತು. ಅಲ್ಲಿ ರಂಜಕ ಹೆಚ್ಚಾಗಿ ಸೆಗಣಿಯಲ್ಲಿ ಬರುತ್ತದೆ, ಪೊಟ್ಯಾಷ್ ಗಂಜಲದಲ್ಲಿ, ಸಾರಜನಕ ಎರಡರಲ್ಲೂ. ಸೆಗಣಿಯನ್ನು ಜೋಪಾನವಾಗಿ ತೋಟಕ್ಕೆ ಹೊತ್ತು, ಗಂಜಲವನ್ನು ಚರಂಡಿಗೆ ಬಿಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆಮೇಲೆ ಪೇಟೆಯಿಂದ ಪೊಟ್ಯಾಷ್ ತರುವವರೂ ಅವರೇ.