ರೇಸಿಗೆ ಹಾಯಿದೋಣಿಯ ಸಜ್ಜು: ಕಿಕ್ಕರಿನ ಲೆಕ್ಕ ಮತ್ತು ಮಾಸ್ಟಿನ ವಾಲು

ಈ ಟಿಪ್ಪಣಿಗೆ ಎಂಟರ್‌ಪ್ರೈಸ್ ದೋಣಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಜಾಕ್ ಹೋಲ್ಟ್ 1956ರಲ್ಲಿ ವಿನ್ಯಾಸಗೊಳಿಸಿದ, 4.04 ಮೀಟರ್ ಉದ್ದದ, ಇಬ್ಬರು ನಡೆಸುವ ಈ ದೋಣಿ ಎನ್‌ಸಿಸಿ ನೌಕಾ ವಿಭಾಗದ ಕೆಡೆಟ್‌ಗಳಿಗೆ ಪರಿಚಿತವಾದದ್ದು. ಹಳೆಯ ದೋಣಿ ಕೈಗೆ ಬಂದೊಡನೆ ಹೊಸ ಹಾಯಿ ಕೊಳ್ಳುವ ಆಸೆ ಹುಟ್ಟುತ್ತದೆ. ನನ್ನ ಪ್ರಕಾರ ಮೊದಲು ಹಣ ಹಾಕಬೇಕಾದದ್ದು ಹಗ್ಗ ಮತ್ತು ರಾಟೆಗಳಿಗೆ.

ಅದಕ್ಕೆ ಕಾರಣ ನಮ್ಮ ಗಾಳಿ. ಹಾರಂಗಿ ಹಿನ್ನೀರಿನಂತೆ ಗುಡ್ಡಗಳ ನಡುವಿರುವ ನೀರಿನ ಮೇಲೆ ಗಾಳಿ ಒಂದೇ ಸಮನೆ ಬೀಸುವುದಿಲ್ಲ. ಸುಮ್ಮನಿದ್ದು ಒಮ್ಮೆಲೇ ನುಗ್ಗಿ, ದಿಕ್ಕನ್ನೂ ಬದಲಿಸುತ್ತದೆ. ಕಾಫಿ ಕಣದಲ್ಲಿ ಟಾರ್ಪಾಲಿನ ಮೂಲೆ ಹಿಡಿದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಕಡೆ ಹಾಯಿಯ ಆಕಾರವನ್ನು ಕ್ಷಣದಲ್ಲಿ ಬದಲಿಸಲು ಬರಬೇಕು.

ಹಾಯಿಯ ಕೆಳ ಅಂಚಿನ ಅಡ್ಡಕಂಬವಾದ ಬೂಮ್ ಮೇಲೇಳದಂತೆ ಕೆಳಗೆ ಎಳೆದು ಹಿಡಿಯುವ ಹಗ್ಗವೇ ಕಿಕ್ಕರ್. ಅದು ಸಡಿಲವಾಗಿದ್ದರೆ ಹಾಯಿಯ ಮೇಲ್ಭಾಗ ತಿರುಚಿಕೊಂಡು ಗಾಳಿಯನ್ನು ಚೆಲ್ಲುತ್ತದೆ. ಬಿಗಿದರೆ ಹಿಂಬದಿಯ ಅಂಚು ನಿಲ್ಲುವುದಲ್ಲದೆ, ಮಾಸ್ಟ್, ಅಂದರೆ ಹಾಯಿಕಂಬ, ಬಾಗಿ ಹಾಯಿಯ ಹೊಟ್ಟೆಯೂ ಚಪ್ಪಟೆಯಾಗುತ್ತದೆ. ಹೀಗೆ ಬಿಗಿಯಲು ಕಿಕ್ಕರಿಗೆ ರಾಟೆಗಳು ಬೇಕು. ಬಲವನ್ನು ಎರಡು ಪಟ್ಟು ಮಾಡುವ ರಾಟೆ ಜೋಡಣೆಗೆ ನಾಲ್ಕು ಪಟ್ಟು ಮಾಡುವುದನ್ನು ಸೇರಿಸಿದರೆ ಎಂಟು ಪಟ್ಟು, ಅಂದರೆ 10 ಕಿಲೋ ಎಳೆತಕ್ಕೆ 80 ಕಿಲೋ ಬಿಗಿ ಸಿಗಬೇಕು. ಆದರೆ ಇದು ಕಾಗದದ ಮೇಲಿನ ಲೆಕ್ಕ. ಒಂದೊಂದು ರಾಟೆಯಲ್ಲೂ ಹತ್ತರಲ್ಲೊಂದು ಪಾಲು ಬಲ ಘರ್ಷಣೆಗೆ ಹೋದರೆ, ನಾಲ್ಕು ರಾಟೆ ದಾಟಿ ಬರುವ ಹಗ್ಗದ ನಾಲ್ಕು ಪಟ್ಟು ಸುಮಾರು ಮೂರಕ್ಕೆ ಇಳಿಯುತ್ತದೆ. ನಾನು ಬಿಚ್ಚಿ ನೋಡಿದ ಒಂದು ರಾಟೆಯಲ್ಲಿ ಚಕ್ರಕ್ಕೂ ಪಕ್ಕದ ತಗಡಿಗೂ ನಡುವೆ ಹಗ್ಗದ ನಾರು ಮತ್ತು ಕೆಸರು ಗಟ್ಟಿಯಾಗಿ ಕೂತಿದ್ದವು. ಚಕ್ರ ತಿರುಗುತ್ತಲೇ ಇರಲಿಲ್ಲ, ಹಗ್ಗ ಅದರ ಮೇಲೆ ಜಾರುತ್ತಿತ್ತಷ್ಟೆ. ಸಿಹಿನೀರಿನಲ್ಲಿ ತೊಳೆದು, ದಪ್ಪ ಹಗ್ಗದ ಬದಲು ಹಿಗ್ಗದ 5 ಮಿಲಿಮೀಟರ್ ಡೈನೀಮಾ ಎಂಬ ಕೃತಕ ನಾರಿನ ಹಗ್ಗ ಹಾಕಿದ ಮೇಲೆ ಒಂದೇ ಕೈಯಲ್ಲಿ ಎಳೆಯಲು ಬಂತು. ಹಾಗೆಂದು ಪಟ್ಟುಗಳನ್ನು ಹೆಚ್ಚಿಸುತ್ತಲೇ ಹೋಗಬಾರದು: ಎಂಟು ಪಟ್ಟಿನಲ್ಲಿ 10 ಸೆಂಟಿಮೀಟರ್ ಬಿಗಿಯಲು 80 ಸೆಂಟಿಮೀಟರ್ ಹಗ್ಗ ಎಳೆಯಬೇಕು, ಅಷ್ಟೂ ಕಾಲಿಗೆ ತೊಡರುತ್ತದೆ.

ಮಾಸ್ಟಿನ ವಾಲನ್ನು, ಅಂದರೆ ಅದು ಹಿಂದಕ್ಕೆ ಎಷ್ಟು ಬಾಗಿ ನಿಂತಿದೆ ಎಂಬುದನ್ನು, ಅಳೆಯಲು ಟೇಪಿನ ತುದಿಯನ್ನು ಮುಖ್ಯ ಹಾಯಿ ಏರಿಸುವ ಹಗ್ಗಕ್ಕೆ ಕಟ್ಟಿ ಮಾಸ್ಟಿನ ತುದಿಯವರೆಗೆ ಏರಿಸಿ, ದೋಣಿಯ ಹಿಂಬದಿ ಹಲಗೆಯ ನಡು ಅಂಚಿನವರೆಗಿನ ಅಳತೆಯನ್ನು ನೋಟುಪುಸ್ತಕದಲ್ಲಿ ಬರೆದಿಡಬೇಕು. ಮಾಸ್ಟನ್ನು ಎರಡೂ ಬದಿಯಿಂದ ಹಿಡಿದಿಡುವ ಪಕ್ಕದ ತಂತಿಗಳ ಪಿನ್ನನ್ನು ಒಂದು ತೂತು ಸರಿಸಿದಾಗಲೆಲ್ಲ ಮತ್ತೆ ಅಳೆಯಬೇಕು. ಕಿಕ್ಕರ್ ಹಗ್ಗಕ್ಕೂ ಅದನ್ನು ಕಚ್ಚಿ ಹಿಡಿಯುವ ಕ್ಲೀಟಿನ ಬಳಿ ದಾರ ಸುತ್ತಿ ಗುರುತು ಹಾಕಿದರೆ, ಮೊನ್ನೆ ಚೆನ್ನಾಗಿ ಓಡಿದ ಸ್ಥಿತಿಗೆ ಇವತ್ತು ಮರಳಬಹುದು. ಹಾಯಿಯ ಮೇಲೆ ಗಾಳಿ ತೋರಿಸಲು ಅಂಟಿಸುವ ಉಣ್ಣೆಯ ಎಳೆ ನಮ್ಮ ಮಳೆಗೆ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ತೆಳು ನೈಲಾನ್ ಬಟ್ಟೆಯ ಪಟ್ಟಿ ಮೇಲು.

ಇನ್ನು ತೂಕ. ದೋಣಿಯನ್ನು ತೇಲಿಸಲು ಇರುವ ಮುಚ್ಚಿದ ಗಾಳಿಕೋಣೆಗಳಲ್ಲಿ ನಿಂತ ಒಂದೊಂದು ಲೀಟರ್ ನೀರೂ ಒಂದೊಂದು ಕಿಲೋ ಹೊರೆ. ಷೆಡ್ಡಿನಲ್ಲಿ ದೋಣಿ ಇಡುವಾಗ ಬಿರಡೆ ತೆಗೆದು, ಮುಚ್ಚಳಗಳನ್ನು ತೆರೆದೇ ಬಿಡಬೇಕು. ಮಳೆಗಾಲದಲ್ಲಿ ಅದೂ ಸಾಲದೆ ಒಳಗೆ ಕೈಹಾಕಿ ಬಟ್ಟೆಯಿಂದ ಒರೆಸಬೇಕಾಗುತ್ತದೆ.