ಕಟ್ಟಿ ಮುಗಿಸಿದ ಮನೆ ನೋಡಿ ಕಂಟ್ರಾಕ್ಟರನ್ನು ನಂಬಬಹುದಾ?

ಪ್ರಶ್ನೆ: ಮನೆ ಕಟ್ಟಿಸಬೇಕು ಅಂತಿದ್ದೇವೆ. ಒಬ್ಬ ಕಂಟ್ರಾಕ್ಟರ್ ತಾವು ಕಟ್ಟಿದ ಎರಡು ಮನೆ ತೋರಿಸಿದರು. ಫಿನಿಶಿಂಗ್ ತುಂಬಾ ಚೆನ್ನಾಗಿದೆ. ನಂಬಿ ಕೆಲಸ ಕೊಡಬಹುದಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಇದೇ ಪ್ರಶ್ನೆ ಬರುತ್ತದೆ. ಎರಡು ಮೂರು ಕಡೆ ಕೊಟೇಶನ್ ತಗೊಳ್ಳಿ, ಕರಾರು ಬರವಣಿಗೆಯಲ್ಲಿರಲಿ, ದುಡ್ಡನ್ನು ಕೆಲಸ ಮುಗಿದ ಹಂತ ನೋಡಿ ಕೊಡಿ, ಕೊನೆಯ ಕಂತನ್ನು ಸ್ವಲ್ಪ ದಿನ ಕೈಯಲ್ಲಿಟ್ಟುಕೊಳ್ಳಿ. ಇದೆಲ್ಲ ನಿಮಗೆ ಗೊತ್ತಿರುವುದೇ. ಹೇಳಿದರೂ ಯಾರೂ ಒಪ್ಪದ ಮಾತು ಬೇರೆ ಇದೆ: ಮುಗಿದ ಮನೆ ನೋಡಿ ಕಂಟ್ರಾಕ್ಟರ್ ಹೇಗೆ ಅಂತ ಹೇಳಲು ಆಗುವುದಿಲ್ಲ.

ಮುಗಿದ ಮನೆಯಲ್ಲಿ ಕಣ್ಣಿಗೆ ಬೀಳುವುದು ಟೈಲ್ಸ್, ಪೇಂಟು, ಬಾಗಿಲಿನ ಪಾಲಿಶ್. ಬಾತ್‌ರೂಮಿನ ನೀರು ಸರಿಯಾಗಿ ಹರಿದು ಹೋಗುತ್ತದಾ ಅಂತ ನೋಡಬಹುದು, ಮೂಲೆಗಳು ನೇರ ಇವೆಯಾ ಅಂತ ನೋಡಬಹುದು. ಮನೆಯನ್ನು ಹೊತ್ತು ನಿಂತ ಕಂಬ, ಬೀಮು, ಸ್ಲ್ಯಾಬು ಒಳಗೆ ಹೇಗಿವೆ ಅನ್ನುವುದು ಮಾತ್ರ ಕಾಣುವುದಿಲ್ಲ.

ಸುರಿದ ಕಾಂಕ್ರೀಟನ್ನು ಅದುರಿಸಿ ಒಳಗೆ ಕೂರಿಸುವ ಯಂತ್ರ, ಅಂದರೆ ವೈಬ್ರೇಟರ್, ಸರಿಯಾಗಿ ಹಿಡಿಯದಿದ್ದರೆ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟಿದ ಹಲಗೆಯ ಅಚ್ಚು) ಬಿಚ್ಚಿದಾಗ ಕಂಬದ ಬುಡದಲ್ಲಿ ಜಲ್ಲಿ ಎದ್ದು, ಜೇನುಗೂಡಿನ ಹಾಗೆ ತೂತು ತೂತು ಕಾಣುತ್ತದೆ. ಸಂಜೆಯೊಳಗೆ ಮೇಲೆ ಗಾರೆ ಮೆತ್ತಿದರೆ ಮನೆಯವರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಸ್ಲ್ಯಾಬಿನ ಕಬ್ಬಿಣದ ಕೆಳಗೆ 20–25 ಮಿಲಿಮೀಟರ್ ದಪ್ಪದ ಕವರ್ ಬ್ಲಾಕ್, ಅಂದರೆ ಕಬ್ಬಿಣವನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ, ಇಡಬೇಕು. ಇಡದಿದ್ದರೆ ಕಬ್ಬಿಣ ಹಲಗೆಗೇ ತಾಗಿ ಕೂರುತ್ತದೆ, ಅದರಡಿ ಕಾಂಕ್ರೀಟ್ ಹೋಗುವುದೇ ಇಲ್ಲ. ಆಮೇಲೆ ಗಾಳಿ, ತೇವ ತಾಗಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ, ಚಾವಣಿಯಿಂದ ಚಕ್ಕೆ ಉದುರುತ್ತದೆ. ಅದಕ್ಕೆ ವರ್ಷಗಳೇ ಬೇಕು. ಹೊಸ ಮನೆಯ ಚಾವಣಿ ನುಣ್ಣಗೇ ಇರುತ್ತದೆ.

ನೀರಿನ ವಿಷಯವೂ ಅಷ್ಟೇ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂದುಕೊಂಡವರೇ ಜಾಸ್ತಿ. ಅದು ಗಟ್ಟಿಯಾಗುವುದು ಸಿಮೆಂಟು ನೀರಿನ ಜೊತೆ ರಾಸಾಯನಿಕವಾಗಿ ಸೇರಿದ್ದರಿಂದ. ಅದಕ್ಕೇ ಕನಿಷ್ಠ 7 ದಿನ ಒದ್ದೆ ಇಡಬೇಕು, ಬಲ ಪರೀಕ್ಷೆ ಮಾಡುವುದು 28ನೇ ದಿನ. ಆದರೆ ಕಲಸುವಾಗ ಅದೇ ನೀರು ಜಾಸ್ತಿಯಾದರೆ ಬಲ ಕಡಿಮೆಯಾಗುತ್ತದೆ. ಕೆಲಸ ಬೇಗ ಸಾಗಲಿ ಅಂತ ಪೈಪ್ ಹಿಡಿದು ನೀರು ಬಿಟ್ಟಿದ್ದರೆ, ಪೇಂಟ್ ಹೊಡೆದ ಗೋಡೆ ನೋಡಿ ಅದನ್ನು ಹೇಗೆ ಪತ್ತೆ ಮಾಡುತ್ತೀರಿ?

ಹಾಗಾಗಿ ದಯವಿಟ್ಟು ಕೆಲಸ ನಡೆಯುತ್ತಿರುವ ಸೈಟ್ ನೋಡಿ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಹೋದರೆ ಒಳ್ಳೆಯದು. ಬಗ್ಗಿ ಕಬ್ಬಿಣದ ಕೆಳಗೆ ಬೆರಳು ತೂರಿಸಿ, ಜಾಗ ಬಿಟ್ಟಿದ್ದಾರಾ ನೋಡಿ. ಸಿಮೆಂಟ್ ಚೀಲ ಬರೀ ನೆಲದ ಮೇಲಿವೆಯಾ, ತೇವ ತಾಗದ ಹಾಗೆ ಹಲಗೆ ಮೇಲಿವೆಯಾ ಅಂತಲೂ ಗಮನಿಸಿ. ‘ಇವತ್ತು ಬೇಡ ಸರ್, ಇನ್ನೊಂದು ದಿನ ಬನ್ನಿ’ ಅಂತ ಪ್ರತಿ ಸಲ ಮುಂದಕ್ಕೆ ಹಾಕುವವರನ್ನು ಬಿಟ್ಟುಬಿಡಿ. ಮುಗಿದ ಮನೆಯನ್ನೇ ನೋಡುವುದಾದರೆ ಕಟ್ಟಿ ಐದಾರು ವರ್ಷ ಆದದ್ದನ್ನು ನೋಡಿ. ಕಂಟ್ರಾಕ್ಟರ್ ಪಕ್ಕದಲ್ಲಿಲ್ಲದಾಗ ಮನೆಯವರನ್ನು ಕೇಳಿ: ಸೋರಿದಾಗ ಫೋನ್ ಎತ್ತಿದರಾ, ಬಂದು ನೋಡಿದರಾ?

ನೀವು ಕೇಳಿದ್ದು ಹೊಸ ಮನೆಯ ಬಗ್ಗೆ. ಆದರೆ ಹಳೆ ಮನೆ ರಿಪೇರಿ ಮಾಡಿಸುವವರಿಗೂ ಒಂದು ಮಾತು ಹೇಳಲೇಬೇಕು. ಹಾಲ್ ದೊಡ್ಡದು ಮಾಡಬೇಕು, ನಡುವಿನ ಗೋಡೆ ತೆಗೆಯಬೇಕು ಅಂತ ಕರೆಸಿರುತ್ತೀರಿ. ಒಬ್ಬರು ಗೋಡೆ ಬಡಿದು ನೋಡಿ, ‘ಒಂದೇ ದಿನದ ಕೆಲಸ, ಒಡೆದುಬಿಡೋಣ’ ಅನ್ನುತ್ತಾರೆ. ಇನ್ನೊಬ್ಬರು ಮೇಲೇನಿದೆ, ಭಾರ ಈ ಗೋಡೆ ಮೇಲೆ ಕೂತಿದೆಯಾ, ಒಳಗೆ ಪೈಪು ವೈರು ಎಲ್ಲಿ ಹೋಗಿವೆ, ಹಳೆ ಪ್ಲಾನ್ ಇದೆಯಾ ಅಂತ ಕೇಳಿ, ಎಂಜಿನಿಯರ್‌ಗೆ ತೋರಿಸದೆ ಕೈ ಹಾಕುವುದಿಲ್ಲ ಅನ್ನುತ್ತಾರೆ. ರೇಟು ಜಾಸ್ತಿಯಾದರೂ ಈ ಎರಡನೆಯವರ ಜೊತೆಗೇ ಮಾತು ಮುಂದುವರಿಸಿ.